ಆರತಿಯವರೇ, ಮರಳಿ ಬನ್ನಿ ಎನ್ನಲು ಬರೆಯುತ್ತಿಲ್ಲ

ಬಾಗೂರು,
ಹೊಸದುರ್ಗ ತಾಲ್ಲೂಕು

ಪ್ರೀತಿಯ ಆರತಿಯವರಿಗೆ,

ಚನ್ನಕೇಶವ ಸ್ವಾಮಿಯ ಬಾಗೂರಿನಿಂದ ಬರೆಯುತ್ತಿದ್ದೇನೆ. ಕನ್ನಡ ಸಿನಿಮಾದ ಪರದೆಯಿಂದ ನೀವು ಮರೆಯಾಗಿ ಹತ್ತಿರ ಹತ್ತಿರ 40 ವರ್ಷವಾಯಿತು. ಇಷ್ಟು ವರ್ಷ ದೂರವಿರಲು ಬಯಸಿದವರ ಮನೆಬಾಗಿಲು ಹುಡುಕಿಕೊಂಡು ಹೋಗುವುದು ತರವಲ್ಲ ಅನ್ನಿಸಿತು. ಅದಕ್ಕೇ ಈ ಕಾಗದವನ್ನು ನಾಲ್ಕು ಜನ ಓದುವ ಕಡೆ ಇಡುತ್ತಿದ್ದೇನೆ. ಕೈಗೆ ಸಿಕ್ಕರೆ ಓದಿ. ಸಿಗದಿದ್ದರೂ ಇದರಲ್ಲಿರುವ ಮಾತನ್ನು ಕನ್ನಡದವರ ಮುಂದೆ ಹೇಳಲೇಬೇಕಿತ್ತು.

ವರ್ಷಕ್ಕೊಮ್ಮೆಯಾದರೂ ಎಲ್ಲೋ ಒಂದು ಕಡೆ ನಿಮ್ಮ ಹಳೆಯ ಫೋಟೋ ಬರುತ್ತದೆ, ಮೇಲೆ ದಪ್ಪಕ್ಷರದಲ್ಲಿ ಆರತಿ ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಯಾಕೆ ಹೋದರು ಎಂಬ ಪ್ರಶ್ನೆ. ಅದರ ಕೆಳಗೆ ನಿಮ್ಮ ಮದುವೆ, ಸಂಸಾರದ ಕಥೆ. ಆ ಕಥೆ ಇಲ್ಲಿ ಬರುವುದಿಲ್ಲ. ಅದು ನಿಮ್ಮದು, ನಮಗೆ ಸೇರಿದ್ದಲ್ಲ. ನಮಗೆ ಸೇರಿದ್ದು ಪರದೆಯ ಮೇಲೆ ನೀವು ಮಾಡಿಟ್ಟು ಹೋದ ಕೆಲಸ. ಕಾಣೆಯಾಗಿರುವುದು ನೀವು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಕಾಣೆಯಾಗಿರುವುದು ಆ ಕೆಲಸದ ಲೆಕ್ಕ.

ದುರ್ಗದಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆ ಚಿತ್ರದುರ್ಗಕ್ಕೆ ದುರ್ಗ ಅಂತಲೇ ಹೇಳುವುದು, ನಿಮಗೂ ನೆನಪಿರಬಹುದು. ‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರ್ ಕೊನೆಯಲ್ಲಿ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ಮಾಡಿದ ಸಿನಿಮಾ. ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ಬೇಸರಪಟ್ಟುಕೊಂಡರು ಎಂಬ ಮಾತು ದುರ್ಗದಲ್ಲಿ ಈಗಲೂ ಓಡಾಡುತ್ತದೆ. ಕಾದಂಬರಿ ಓದಿದವರು ಅವರ ಪರ, ಟೆಂಟಿನಲ್ಲಿ ಸಿನಿಮಾ ನೋಡಿದವರು ಪುಟ್ಟಣ್ಣನವರ ಪರ. ನಾನು ಎರಡೂ ಮಾಡಿದವಳು, ಹಾಗಾಗಿ ಯಾರ ಪರವೂ ಮಾತಾಡುವುದಿಲ್ಲ.

ಆದರೆ ಒಂದು ಮಾತು ಹೇಳಬೇಕು. ಇವತ್ತು ಕೋಟೆ ಹತ್ತಿದರೆ ಗೈಡುಗಳು ಒನಕೆ ಓಬವ್ವನ ಕಿಂಡಿ ತೋರಿಸುತ್ತಾರೆ, ಓಬವ್ವನ ಕಥೆ ಹೇಳುವಾಗ ಜಯಂತಿಯವರ ಹೆಸರು ಬರುತ್ತದೆ. ಬಂಡೆಗಳ ಹತ್ತಿರ ಹೋದರೆ ರಾಮಾಚಾರಿ, ವಿಷ್ಣುವರ್ಧನ್. ಮೇಷ್ಟ್ರ ಮಾತು ಬಂದರೆ ಅಶ್ವಥ್. ನೀವು ಮಾಡಿದ ಅಲಮೇಲುವಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. 2018ರಲ್ಲಿ ಆ ಸಿನಿಮಾಕ್ಕೆ ಹೊಸ ಬಣ್ಣ, ಹೊಸ ಧ್ವನಿ ಕೊಟ್ಟು ಮತ್ತೆ ಬಿಡುಗಡೆ ಮಾಡಿದರಲ್ಲ, ಆಗ ನನ್ನ ತಮ್ಮನ ಮಗಳನ್ನು ಕರೆದುಕೊಂಡು ಹೋಗಿದ್ದೆ. ರಾಮಾಚಾರಿ ಬಂದಾಗ ಶಿಳ್ಳೆ, ಅಂಬರೀಶ್ ಅವರ ಜಲೀಲ ಬಂದಾಗ ಇನ್ನೂ ಜೋರು ಶಿಳ್ಳೆ. ಹುಡುಗಿ ಅಲಮೇಲುವನ್ನು ತೋರಿಸಿ, ನನ್ನ ಕಿವಿಯ ಹತ್ತಿರ ಬಂದು, “ಅತ್ತೆ, ಈ ಹುಡುಗೀನ ಯಾರೂ ಏನೂ ಕೇಳೋದೇ ಇಲ್ವಲ್ಲ?” ಅಂದಳು.

ಎಷ್ಟು ಸಲ ನೋಡಿದರೂ ನನಗೆ ಹೊಳೆಯದಿದ್ದ ಮಾತು ಅದು. ಅಣ್ಣ ವರದ ತನ್ನ ತಂಗಿಯನ್ನು ರಾಮಾಚಾರಿಗೆ ಕೊಡುತ್ತೇನೆ ಎಂದು ಮಾತು ಕೊಡುತ್ತಾನೆ, ಅಲಮೇಲುವನ್ನು ಕೇಳಿ ಅಲ್ಲ. ಹೆದರಿಕೆಯಾದಾಗ ಆ ಮಾತಿನಿಂದ ಜಾರಿಕೊಳ್ಳುತ್ತಾನೆ, ಆಗಲೂ ಅವಳನ್ನು ಕೇಳುವುದಿಲ್ಲ. ಚಾಮಯ್ಯ ಮೇಷ್ಟ್ರು ಬಂದು ಅವಳನ್ನು ಬಿಟ್ಟುಕೊಡು ಎಂದು ಶಿಷ್ಯನನ್ನು ಒಪ್ಪಿಸುತ್ತಾರೆ. ರಾಮಾಚಾರಿ ಗುರುವಿನ ಮೇಲಿನ ಪ್ರೀತಿಗೆ ಬಿಟ್ಟುಕೊಡುತ್ತಾನೆ. ಕೊನೆಗೆ ತಾಳಿ ಕಟ್ಟಿದವನೇ ಅವಳನ್ನು ಮಾರುತ್ತಾನೆ. ಇಷ್ಟು ಗಂಡಸರ ನಡುವೆ ಅಲಮೇಲುವಿಗೆ ಮಾತಿಗೆ ಜಾಗವೇ ಇಲ್ಲ. ಆ ಜಾಗವಿಲ್ಲದ ಕಡೆ ನೀವು ಒಬ್ಬ ಪೂರ್ತಿ ಮನುಷ್ಯಳನ್ನು ನಿಲ್ಲಿಸಿದಿರಿ. ಕಣ್ಣಲ್ಲಿ, ಕತ್ತು ತಗ್ಗಿಸುವ ರೀತಿಯಲ್ಲಿ. ಹೋಟೆಲಿನ ಕೋಣೆಯಲ್ಲಿ ರಾಮಾಚಾರಿ ಅವಳನ್ನು ಮತ್ತೆ ಕಂಡಾಗ ಎದುರಿಗಿರುವುದು ಅದೇ ಮುಖ, ಆದರೆ ಆ ಮೊದಲಿನ ಹುಡುಗಿ ಅಲ್ಲಿಲ್ಲ. ಪೌಡರು, ಸೀರೆಯಿಂದ ಆಗುವ ಬದಲಾವಣೆ ಅಲ್ಲ ಅದು.

ಅದೇ ಸಿನಿಮಾದಲ್ಲಿ ನೀವು ಬೆಟ್ಟದಲ್ಲಿ ಓಡುವ ನಿಧಾನ ಚಲನೆಯ ಹಾಡಿನ ವಿಷಯವೂ ಅಷ್ಟೇ. ಸ್ಲೋ ಮೋಷನ್ನಿನಲ್ಲಿ ಹಾಡು ಎಂದರೆ ನಮ್ಮ ಸೀಮೆಯ ಟೆಂಟುಗಳಲ್ಲಿ ಅಲ್ಲಿವರೆಗೆ ಯಾರೂ ಕಂಡಿರಲಿಲ್ಲ. ಎಲ್ಲರೂ ಅದನ್ನು ಕ್ಯಾಮೆರಾದ ಚಮತ್ಕಾರ ಎಂದೇ ಹೊಗಳುತ್ತಾರೆ. ಸೆಕೆಂಡಿಗೆ 24 ಚಿತ್ರ ಹಿಡಿಯುವ ಕ್ಯಾಮೆರಾವನ್ನು ಅದಕ್ಕಿಂತ ವೇಗವಾಗಿ ಓಡಿಸಿ, ತೋರಿಸುವಾಗ 24ರ ಲೆಕ್ಕದಲ್ಲೇ ತೋರಿಸಿದರೆ ಓಟ ತೇಲಿದ ಹಾಗೆ ಕಾಣುತ್ತದೆ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಹಾಗೆ ಎಳೆದ ಚಿತ್ರದಲ್ಲಿ ಮುಖದ ಮೇಲಿನ ಸುಳ್ಳೂ ಉದ್ದವಾಗಿ ಕಾಣುತ್ತದೆ. ಮಾಮೂಲಿ ವೇಗದಲ್ಲಿ ಕಣ್ಣು ತಪ್ಪಿಸಿ ಹೋಗುವ ನಟನೆ ಅಲ್ಲಿ ಸಿಕ್ಕಿಬೀಳುತ್ತದೆ. ಜಡೆ ಮೇಲೆದ್ದು ಇಳಿಯುವಷ್ಟು ಹೊತ್ತೂ ನಿಮ್ಮ ಮುಖದಲ್ಲಿ ಸಂತೋಷ ಸಂತೋಷವಾಗಿಯೇ ಇತ್ತು. ಇದನ್ನು ಮಾಡಿದ್ದು ಕ್ಯಾಮೆರಾ ಅಲ್ಲ.

‘ಗೆಜ್ಜೆಪೂಜೆ’ಯಲ್ಲಿ, 1969ರಲ್ಲಿ, ಕಲ್ಪನಾ ಅವರ ಪಕ್ಕದಲ್ಲಿ ಚಿಕ್ಕ ಪಾತ್ರದಲ್ಲಿ ಬಂದವರು ನೀವು. ಆಮೇಲೆ ‘ಎಡಕಲ್ಲು ಗುಡ್ಡದ ಮೇಲೆ’, ‘ಉಪಾಸನೆ’, ‘ಶುಭಮಂಗಳ’, ‘ಬಿಳಿ ಹೆಂಡ್ತಿ’, ‘ಹೊಂಬಿಸಿಲು’, ‘ಧರ್ಮಸೆರೆ’. ನಮ್ಮಂಥ ಊರಿನ ಹೆಂಗಸರಿಗೆ ಈ ಹೆಸರುಗಳು ಸಿನಿಮಾ ಆಗುವ ಮೊದಲೇ ಗೊತ್ತಿದ್ದವು. ಕಾದಂಬರಿ ಕೈಯಿಂದ ಕೈಗೆ ದಾಟುತ್ತಿದ್ದ ಕಾಲ. ರಟ್ಟು ಕಿತ್ತುಹೋದ ಪುಸ್ತಕ, ಮೊದಲ ನಾಲ್ಕು ಪುಟ ಇಲ್ಲ, ಅದನ್ನೇ ಸರದಿ ಹಚ್ಚಿ ಓದುತ್ತಿದ್ದೆವು. ಕೊಬ್ಬರಿ ಸುಲಿಯುವ ಕಡೆ ಒಬ್ಬಳು ಗಟ್ಟಿಯಾಗಿ ಓದುವುದು, ಉಳಿದವರು ಕೈ ಕೆಲಸ ಬಿಡದೆ ಕೇಳುವುದು. ವಾಣಿಯವರ ‘ಶುಭಮಂಗಳ’, ಉಷಾ ನವರತ್ನರಾಂ ಅವರ ‘ಹೊಂಬಿಸಿಲು’ ಹಾಗೆಯೇ ನಮಗೆ ಸಿಕ್ಕಿದ್ದು. ಪುಸ್ತಕದ ಹೆಣ್ಣಿಗೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಮುಖ ಇತ್ತು. ನೀವು ಬಂದ ಮೇಲೆ ಎಲ್ಲರಿಗೂ ಒಂದೇ ಮುಖವಾಯಿತು. ಓದುಗರ ಕಲ್ಪನೆಯನ್ನು ಸೋಲಿಸುವುದು ಸುಲಭವಲ್ಲ; ನಾವು ಜಗಳವಿಲ್ಲದೆ ಒಪ್ಪಿಕೊಂಡೆವು.

ರಾಜ್‌ಕುಮಾರ್ ಅವರ ಜೊತೆಗಿನ ಚಿತ್ರಗಳನ್ನು ಬಿಟ್ಟು ಮುಂದೆ ಹೋದರೆ ಇಲ್ಲಿಯವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ‘ಪ್ರೇಮದ ಕಾಣಿಕೆ’ಯಲ್ಲಿ ರೈಲಿನೊಳಗೆ ಕೊಲೆಯನ್ನು ಕಣ್ಣಾರೆ ಕಂಡು ಹೆದರಿ ಬಂದವಳು, ಆ ಹೆದರಿಕೆಯನ್ನು ಬಚ್ಚಿಟ್ಟುಕೊಂಡು ಮನೆಯೊಳಗೆ ಓಡಾಡುವ ಆ ಅರ್ಧ ಸಿನಿಮಾ ನಿಮ್ಮದೇ. ಅದೇ ವರ್ಷ, 1976ರಲ್ಲಿ, ‘ಕಥಾಸಂಗಮ’ ಬಂತು. ಮೂರು ಕಥೆ, ಕೊನೆಯದು ‘ಮುನಿತಾಯಿ’. ಅದರಲ್ಲಿ ಕೊಂಡಾಜಿಯಾಗಿ ಬರುವ ತೆಳ್ಳನೆಯ ಹುಡುಗ ರಜನೀಕಾಂತ್. ಕನ್ನಡದಲ್ಲಿ ಅವರ ಮೊದಲ ಚಿತ್ರ ಅದು, ಈಗ ಎಲ್ಲರೂ ಆ ಸಿನಿಮಾವನ್ನು ನೆನೆಯುವುದು ಅದಕ್ಕಾಗಿಯೇ. ಮುನಿತಾಯಿ ಯಾರು? ಕಣ್ಣು ಕಾಣದ ಹೆಣ್ಣು, ನೀವು. ಕುರುಡಿಯ ಪಾತ್ರ ಎಂದರೆ ಎರಡೂ ಕೈ ಮುಂದೆ ಚಾಚಿ ತಡವರಿಸುವುದು ಎಂದು ನಟರು ತಿಳಿದಿದ್ದ ಕಾಲ. ಮುನಿತಾಯಿ ಮೊದಲು ಕಿವಿಯಿಂದ ನೋಡುತ್ತಾಳೆ. ಬಂದವರ ಕಡೆ ಮುಖ ತಿರುಗುವ ಮುನ್ನ ಮೈ ಒಂದು ಕ್ಷಣ ನಿಲ್ಲುತ್ತದೆ. ನಮ್ಮ ಓಣಿಯಲ್ಲಿ ದೃಷ್ಟಿ ಕಳಕೊಂಡ ಅಜ್ಜಿಯೊಬ್ಬರಿದ್ದರು, ಅವರೂ ಹಾಗೆಯೇ ನಿಲ್ಲುತ್ತಿದ್ದರು. ನೀವು ಯಾರನ್ನು ನೋಡಿ ಅದನ್ನು ಕಲಿತಿರಿ ಎಂದು ಆ ಅಜ್ಜಿಯನ್ನು ಕಂಡಾಗಲೆಲ್ಲ ಕೇಳಬೇಕೆನ್ನಿಸುತ್ತಿತ್ತು.

ಈಗ ‘ರಂಗನಾಯಕಿ’. ಇದಕ್ಕೆ ಸ್ವಲ್ಪ ಊರಿನ ವಿಷಯ ಹೇಳಬೇಕು.

ನಮ್ಮ ಬಯಲುಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ಪೌರಾಣಿಕ ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು ಹುಡುಗರಿಗೆ ಕಂದ, ವೃತ್ತ ತಿದ್ದುತ್ತಾರೆ. ದುರ್ಯೋಧನನ ಪಾತ್ರಕ್ಕೆ ತೋಟ ಇದ್ದವರು, ಕೃಷ್ಣನಿಗೆ ಕಂಠ ಇದ್ದವರು. ಹೆಣ್ಣು ಪಾತ್ರಕ್ಕೆ ಮಾತ್ರ ಊರಿನ ಹೆಣ್ಣುಮಕ್ಕಳು ಇಲ್ಲ; ತುಮಕೂರು, ದಾವಣಗೆರೆ ಕಡೆಯಿಂದ ಕಲಾವಿದೆಯರನ್ನು ಕರೆಸುತ್ತಾರೆ. ಸಾಯಂಕಾಲದ ಬಸ್ಸಿಗೆ ಒಂದು ಟ್ರಂಕು ಹಿಡಿದು ಇಳಿಯುತ್ತಾರೆ. ಯಾವುದೋ ಮನೆಯ ಪಡಸಾಲೆಯಲ್ಲಿ ಊಟ. ರಿಹರ್ಸಲ್ಲಿಗೆ ಅವರು ಬಂದಿರುವುದಿಲ್ಲ, ಆದರೂ ದ್ರೌಪದಿಯ ಎಲ್ಲ ಮಾತೂ ಬಾಯಲ್ಲಿ. ಎದುರಿನ ದುಶ್ಶಾಸನ ಮಾತು ಮರೆತರೆ ಅವನ ಮಾತನ್ನೂ ತಾವೇ ಎತ್ತಿಕೊಟ್ಟು ಅಂಕ ದಾಟಿಸುತ್ತಾರೆ. ಬೆಳಗಿನ ಜಾವ ನಾಟಕ ಮುಗಿದರೆ ಬಣ್ಣ ಅರ್ಧಂಬರ್ಧ ಒರೆಸಿಕೊಂಡು ಮೊದಲ ಬಸ್ಸು. ದುರ್ಯೋಧನನಾದವನಿಗೆ ಹಾರ, ಶಾಲು, ಮೈಕಿನಲ್ಲಿ ಮುಯ್ಯಿ. ದ್ರೌಪದಿಯ ಹೆಸರು ಕರಪತ್ರದ ಕೆಳಗಡೆ ಸಣ್ಣ ಅಕ್ಷರದಲ್ಲಿ. ರಾತ್ರಿಯಿಡೀ ಅವರನ್ನು ನೋಡಿ ಅತ್ತ ಊರು ಬೆಳಗ್ಗೆ ಅವರ ಬಗ್ಗೆ ಆಡಿಕೊಳ್ಳುವ ಮಾತನ್ನು ಇಲ್ಲಿ ಬರೆಯಲಾರೆ.

1981ರಲ್ಲಿ ನೀವು ರಂಗನಾಯಕಿಯಾಗಿ ಬಂದಾಗ ಹೊಸದುರ್ಗದಲ್ಲಿ ಅದನ್ನು ನೋಡಿದ ನಮ್ಮ ಕಡೆಯ ಹೆಂಗಸರಿಗೆ ನೆನಪಾದದ್ದು ಟ್ರಂಕು ಹಿಡಿದ ಆ ಹೆಂಗಸರು. ಅಶ್ವತ್ಥ ಅವರ ಕಾದಂಬರಿ. ನಾಟಕ ಕಂಪನಿಯಲ್ಲೇ ಬೆಳೆದ ನಟಿ ಶ್ರೀಮಂತನನ್ನು ಮದುವೆಯಾಗಿ ರಂಗ ಬಿಡುತ್ತಾಳೆ. ಸಾಕಿ ಬೆಳೆಸಿದ ಕಂಪನಿಗೆ ಕಷ್ಟ ಬಂದಾಗ ಮತ್ತೆ ಬಣ್ಣ ಹಚ್ಚುತ್ತಾಳೆ. ಅಷ್ಟಕ್ಕೇ ಗಂಡ ಮಗುವನ್ನು ಎತ್ತಿಕೊಂಡು ಹೊರಟುಹೋಗುತ್ತಾನೆ. ಮುಂದೆ ಅವಳು ಸಿನಿಮಾದಲ್ಲಿ ಹೆಸರು ಮಾಡುತ್ತಾಳೆ, ಬೆಳೆದ ಮಗ ಯಾರೆಂದು ತಿಳಿಯದೆ ಅವಳ ಕಡೆಗೇ ಸೆಳೆಯಲ್ಪಟ್ಟು ಬರುತ್ತಾನೆ. ಕಥೆ ಹೇಳಿದರೆ ಎಲ್ಲಿ ಎಡವುತ್ತದೋ ಎಂದು ಎದೆ ನಡುಗುತ್ತದೆ. ನೀವು ಎಡವಲಿಲ್ಲ. ಕಂಪನಿಯ ಚಿನಕುರುಳಿ ಹುಡುಗಿಯಿಂದ ನಡುವಯಸ್ಸಿನ ತಾರೆಯವರೆಗೆ ಒಂದೇ ಹೆಣ್ಣು ಎಂದು ನಂಬಿಸಿದಿರಿ. ವಯಸ್ಸನ್ನು ಕೂದಲಿನ ಬಿಳಿಯಲ್ಲಿ ತೋರಿಸಲಿಲ್ಲ, ಕುರ್ಚಿಯಲ್ಲಿ ಕೂರುವ ರೀತಿಯಲ್ಲಿ ತೋರಿಸಿದಿರಿ. ಮೊದಲರ್ಧದಲ್ಲಿ ರಂಗನಾಯಕಿ ಎಲ್ಲಿ ಕೂತರೂ ಈಗಲೋ ಆಗಲೋ ಏಳುವವಳಂತೆ ಕೂರುತ್ತಾಳೆ. ಕೊನೆಯರ್ಧದಲ್ಲಿ ಕೂತಳೆಂದರೆ ಏಳಲು ಕಾರಣ ಬೇಕು.

ಆ ಸಿನಿಮಾ ನೋಡಿ ಬಂದ ಮೇಲೆ ನಮ್ಮವ್ವ ನಾಟಕದ ಕಲಾವಿದೆಯರಿಗೆ ಪಡಸಾಲೆಯಲ್ಲಿ ಎಲೆ ಹಾಕುವುದನ್ನು ಬಿಟ್ಟರು. ಅಡುಗೆಮನೆಗೆ ಕರೆದು, ಮನೆಯವರ ಜೊತೆ ಕೂರಿಸಿ ಬಡಿಸುತ್ತಿದ್ದರು. ಹೆಸರು ಕೇಳುತ್ತಿದ್ದರು, ಮಕ್ಕಳೆಷ್ಟು ಎಂದು ಕೇಳುತ್ತಿದ್ದರು. ಮಾತಾಡಿಕೊಂಡವರಿಗೆ ಅವ್ವ ಜವಾಬು ಕೊಡಲಿಲ್ಲ, ಬಡಿಸುವುದನ್ನೂ ನಿಲ್ಲಿಸಲಿಲ್ಲ. ಒಂದು ಸಿನಿಮಾದಿಂದ ಒಂದು ಮನೆಯಲ್ಲಿ ಆದ ಬದಲಾವಣೆ ಇದು. ಯಾವ ವಿಮರ್ಶೆಯಲ್ಲೂ ಬರುವುದಿಲ್ಲ, ಅದಕ್ಕೇ ನಿಮಗೆ ಬರೆದು ತಿಳಿಸುತ್ತಿದ್ದೇನೆ.

ಅದಾಗಿ ಕೆಲವೇ ವರ್ಷಗಳಲ್ಲಿ, ಎಂಬತ್ತರ ದಶಕದ ನಡುವಿನಲ್ಲಿ, ನೀವು ಹೊರಟಿರಿ. ಪುಟ್ಟಣ್ಣನವರು 1985ರ ಜೂನ್‌ನಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ, 1979ರಲ್ಲಿ, ಕಲ್ಪನಾ ಬೆಳಗಾವಿ ಸೀಮೆಯ ಗೋಟೂರಿನಲ್ಲಿ ಪ್ರಾಣ ಬಿಟ್ಟಿದ್ದರು, ಸಿನಿಮಾ ಕೈಬಿಟ್ಟ ಮೇಲೆ ನಾಟಕ ಮಾಡಿಕೊಂಡು ಊರೂರು ತಿರುಗುತ್ತಿದ್ದಾಗ. 1986ರಲ್ಲಿ ಮಂಜುಳಾ ಸುಟ್ಟಗಾಯಗಳಿಂದ ತೀರಿಕೊಂಡರು. ನಮ್ಮ ತಲೆಮಾರಿನ ಹೆಣ್ಣುಮಕ್ಕಳು ನಟಿಯರ ಸುದ್ದಿ ಬಂದರೆ ಎದೆ ಹಿಡಿದುಕೊಂಡು ಕೇಳುತ್ತಿದ್ದ ವರ್ಷಗಳವು. ಪರದೆಯ ಮೇಲೂ ಅದೇ ಆಗುತ್ತಿತ್ತು: ‘ಗೆಜ್ಜೆಪೂಜೆ’ಯ ಚಂದ್ರಾಳಿಗೆ ಸಾವು, ‘ಶರಪಂಜರ’ದ ಕಾವೇರಿಗೆ ಹುಚ್ಚು. ಹೆಣ್ಣಿನ ಕಥೆಗೆ ಬೇರೆ ಮುಕ್ತಾಯವೇ ಇಲ್ಲವೇನೋ ಎಂಬಂತೆ. ಅಂಥ ಹೊತ್ತಿನಲ್ಲಿ ನೀವು ಸಾಯಲಿಲ್ಲ, ಸೋಲಲಿಲ್ಲ, ಬೇಡವೆನಿಸಿಕೊಂಡು ಹೋಗಲಿಲ್ಲ. ಇನ್ನೂ ಪಾತ್ರಗಳು ಇರುವಾಗಲೇ ಸಾಕು ಎಂದು ಎದ್ದು ಹೋದಿರಿ. ಓಣಿಯವರು ಅಯ್ಯೋ ಎನ್ನುತ್ತಿದ್ದರೆ ಅವ್ವ ಹೇಳಿದ್ದು: “ಹೋದ್ಲು ಅಂತ ಯಾಕ್ರೇ ಕೊರಗ್ತೀರಿ? ಅವಳ ಕಾಲು, ಅವಳು ನಡೆದ್ಲು. ಚೆನ್ನಾಗಿರ್ಲಿ.”

ವಿಚಿತ್ರವೆಂದರೆ, ನೀವು ಹೋದ ಮೇಲೆಯೇ ನಮ್ಮ ಮನೆಯೊಳಗೆ ಬಂದಿರಿ. ಬೆಂಗಳೂರು ದೂರದರ್ಶನ 1981ರ ನವೆಂಬರ್‌ನಲ್ಲಿ ಶುರುವಾದರೂ ನಮ್ಮಂಥ ಊರಿಗೆ ಟಿವಿ ಬಂದದ್ದು ತಡವಾಗಿ. ವಾರಕ್ಕೊಂದು ಕನ್ನಡ ಸಿನಿಮಾ, ಟಿವಿ ಇದ್ದ ಒಂದೆರಡು ಮನೆಗಳ ನಡುಮನೆ ತುಂಬಾ ಊರು. 1994ರಲ್ಲಿ ಉದಯ ಟಿವಿ ಬಂದ ಮೇಲಂತೂ ಮಧ್ಯಾಹ್ನದ ಸಿನಿಮಾದಲ್ಲಿ ನೀವು ದಿನಬಿಟ್ಟು ದಿನ. ಟೆಂಟಿನಲ್ಲಿ ಘಂಟಸಾಲ ಅವರ ವೆಂಕಟೇಶ್ವರನ ಹಾಡು ಕೇಳಿದೊಡನೆ ಚಾಪೆ ಸುತ್ತಿಕೊಂಡು ಓಡಿದ ನಮಗೆ ನೀವು ದೊಡ್ಡ ಬಿಳಿ ಬಟ್ಟೆಯ ಮೇಲಿನವರು. ನಮ್ಮ ಮಕ್ಕಳಿಗೆ ನೀವು ಅನ್ನಕ್ಕೆ ಸಾರು ಕಲಸಿಕೊಳ್ಳುವಾಗ ಎದುರಿಗಿದ್ದವರು. ಅವರಿಗೆ ನೀವು ಹಳಬರಲ್ಲ, ಬಿಟ್ಟುಹೋದವರೂ ಅಲ್ಲ. ಇವತ್ತಿನ ಹುಡುಗರು ಫೋನಿನಲ್ಲಿ ನೋಡುತ್ತಾರೆ. ಬಣ್ಣ ಮಾಸಿದ, ಧ್ವನಿ ಗರಗರ ಎನ್ನುವ ಪ್ರಿಂಟು. ‘ನಾಗರಹಾವು’ ಸಿನಿಮಾಕ್ಕೆ ಮಾಡಿದ ಹಾಗೆ ‘ರಂಗನಾಯಕಿ’, ‘ಕಥಾಸಂಗಮ’, ‘ಉಪಾಸನೆ’ಗಳಿಗೂ ಯಾರಾದರೂ ಕೈಹಚ್ಚಿ ಶುದ್ಧ ಮಾಡಬೇಕು ಎಂಬುದು ನನ್ನ ಆಸೆ. ದುಡ್ಡು ಹಾಕುವವರು ಗಂಡು ಹೀರೋನ ಹೆಸರು ಹುಡುಕುತ್ತಾರೆ ಎಂಬ ಭಯವೂ ಇದೆ.

2005ರಲ್ಲಿ ‘ಮಿಠಾಯಿ ಮನೆ’ ನಿರ್ದೇಶಿಸಿ ನೀವು ಮತ್ತೆ ಬಂದಾಗ ಎಲ್ಲರೂ ಪರದೆಯ ಮೇಲೆ ನಿಮ್ಮನ್ನು ಹುಡುಕಿದರು. ಮಕ್ಕಳ ಸಿನಿಮಾ ಮಾಡಿ, ಕ್ಯಾಮೆರಾದ ಹಿಂದೆ ನಿಂತು, ಮತ್ತೆ ಹೊರಟಿರಿ. ಆ ಸಲ ನನಗೆ ಹಿಡಿಸಿದ್ದು ಅದೇ. ಬರುವುದೂ ಹೋಗುವುದೂ ನಿಮ್ಮ ಕೈಯಲ್ಲೇ ಇತ್ತು.

ಈಗ ನನ್ನ ತಕರಾರು. ನಿಮ್ಮ ಮೇಲಲ್ಲ, ನಮ್ಮವರ ಮೇಲೆ. ನಿಮ್ಮ ಹೆಸರು ಬಂದ ಕಡೆಯೆಲ್ಲ ಪುಟ್ಟಣ್ಣನವರ ನಾಯಕಿ, ಪುಟ್ಟಣ್ಣನವರ ಶೋಧ, ಪುಟ್ಟಣ್ಣನವರು ಮಾಡಿಸಿದ ಅಭಿನಯ. ಪುಟ್ಟಣ್ಣನವರ ದೊಡ್ಡಸ್ತಿಕೆಯಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಹೆಣ್ಣಿನ ಮನಸ್ಸಿನೊಳಗೆ ಕ್ಯಾಮೆರಾ ಇಡಬಹುದು ಎಂದು ಕನ್ನಡಕ್ಕೆ ತೋರಿಸಿದವರು ಅವರು. ಆದರೆ ಮಾಡಿಸಿದವರನ್ನು ಹೊಗಳುವ ಭರದಲ್ಲಿ ಮಾಡಿದವರನ್ನು ಮರೆಯುವುದು ಯಾವ ನ್ಯಾಯ? ‘ಪ್ರೇಮದ ಕಾಣಿಕೆ’ಯನ್ನು ನಿರ್ದೇಶಿಸಿದ್ದು ವಿ. ಸೋಮಶೇಖರ್, ‘ಹೊಂಬಿಸಿಲು’ ಗೀತಪ್ರಿಯ. ಅಲ್ಲಿಯೂ ನೀವು ನೀವೇ ಆಗಿದ್ದಿರಲ್ಲ? ನಿರ್ದೇಶಕರು ಬದಲಾದರೂ ಬದಲಾಗದೆ ಉಳಿದದ್ದು ಏನಿದೆಯೋ ಅದು ನಟಿಯದು. ಅದಕ್ಕೆ ಒಂದು ಹೆಸರಿಟ್ಟು, ಪಾತ್ರ ಪಾತ್ರವಾಗಿ ಬಿಡಿಸಿ ಯಾರೂ ಬರೆಯಲಿಲ್ಲ. ನಾಯಕರ ಮೇಲೆ ಪುಸ್ತಕಗಳಿವೆ, ಪ್ರತಿಮೆಗಳಿವೆ, ರಸ್ತೆಗಳಿವೆ. ‘ನಾಗರಹಾವು’ ಸಿನಿಮಾಕ್ಕಾಗಿ ದುರ್ಗದ ಬೆಟ್ಟ ಹತ್ತಿದ ತಂಡದಲ್ಲಿ ವಿಷ್ಣುವರ್ಧನ್ 2009ರಲ್ಲಿ ಹೋದರು, ಅಶ್ವಥ್ 2010ರಲ್ಲಿ, ಅಂಬರೀಶ್ 2018ರಲ್ಲಿ, ಜಯಂತಿ ಮತ್ತು ಶಿವರಾಂ 2021ರಲ್ಲಿ, ಲೀಲಾವತಿ 2023ರಲ್ಲಿ. ಆ ಕೆಲಸ ಹೇಗೆ ನಡೆಯಿತು ಎಂದು ಒಳಗಿನಿಂದ ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ.

ಹಾಗಾಗಿ ಕೇಳುವುದು ಇಷ್ಟು. ಮತ್ತೆ ನಟಿಸಿ ಅನ್ನುವುದಿಲ್ಲ. ಸಮಾರಂಭಕ್ಕೆ ಬನ್ನಿ, ಟಿವಿಯ ಮುಂದೆ ಕೂತು ಅಳಿ ಅನ್ನುವುದಿಲ್ಲ. ನಿಮ್ಮ ಕಸುಬಿನ ಬಗ್ಗೆ ಒಂದು ಪುಸ್ತಕ ಬರೆಯಿರಿ, ಅಥವಾ ನಂಬಿಕೆಯ ಯಾರ ಹತ್ತಿರವಾದರೂ ಹೇಳಿ ಬರೆಸಿ. ಸಂಸಾರದ ಒಂದು ಸಾಲೂ ಬೇಡ. ಮುನಿತಾಯಿಯ ಕಿವಿಯನ್ನು ಎಲ್ಲಿಂದ ತಂದಿರಿ? ‘ಉಪಾಸನೆ’ಯಲ್ಲಿ ವೀಣೆಯ ಮೇಲೆ ಬೆರಳು ಸರಿಯಾದ ಕಡೆ ಕೂರಲು ಏನು ಮಾಡಿದಿರಿ? ಪಿ. ಸುಶೀಲಾ, ವಾಣಿ ಜಯರಾಂ ಅವರ ಹಾಡಿಗೆ ತುಟಿ ಆಡಿಸುವಾಗ ಅವರ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಹೇಗೆ ಹಿಡಿದಿರಿ? ಒಂದು ಪಾತ್ರ ಬೇಡ ಎಂದು ತಿರುಗಿಸಿ ಕಳಿಸುವಾಗ ಯಾವುದನ್ನು ನೋಡಿ ಬೇಡ ಎಂದಿರಿ? ಹೋಟೆಲಿನ ಕೋಣೆಯ ಆ ದೃಶ್ಯಕ್ಕೆ ಮುಂಚೆ ಅಲಮೇಲು ಏನೆಲ್ಲ ಅನುಭವಿಸಿದ್ದಾಳೆ ಎಂದು ನಿಮಗೆ ಯಾರಾದರೂ ಹೇಳಿದರೇ, ಇಲ್ಲಾ ನೀವೇ ಕಟ್ಟಿಕೊಂಡಿರಾ?

ನಾಟಕಕ್ಕೆ ಬಣ್ಣ ಹಚ್ಚುವ ಹೆಣ್ಣುಮಕ್ಕಳು ಈಗಲೂ ನಮ್ಮ ಊರಿಗೆ ಬರುತ್ತಾರೆ. ನಮ್ಮ ಊರಿನದೇ ಒಬ್ಬ ಹುಡುಗಿ, ಡಿಗ್ರಿ ಓದುತ್ತಿರುವವಳು, ಈ ಸಲ ದ್ರೌಪದಿಯ ಪಾತ್ರ ನಾನು ಮಾಡುತ್ತೇನೆ ಎಂದು ಹೆಸರು ಕೊಟ್ಟಿದ್ದಾಳೆ. ಮನೆಯಲ್ಲಿ ಇನ್ನೂ ಒಪ್ಪಿಲ್ಲ, ಮಾತುಕತೆ ನಡೆದಿದೆ. ನಾವು ಒಂದಷ್ಟು ಹೆಂಗಸರು ಅವಳ ಪರ ನಿಂತಿದ್ದೇವೆ. ಹೇಗೆ ನಡೆಯಬೇಕು, ಹೇಗೆ ನಿಲ್ಲಬೇಕು ಎಂದು ಅವಳು ನಮ್ಮನ್ನು ಕೇಳುತ್ತಾಳೆ, ನಮಗೆ ಹೇಳಿಕೊಡಲು ಬರುವುದಿಲ್ಲ. ಸದ್ಯಕ್ಕೆ ಫೋನಿನಲ್ಲಿ ‘ರಂಗನಾಯಕಿ’ ಹಾಕಿಕೊಟ್ಟಿದ್ದೇವೆ. ನಿಮ್ಮ ಪುಸ್ತಕ ಬಂದರೆ ಮೊದಲ ಪ್ರತಿ ಅವಳಿಗೆ ಕೊಡಿಸುತ್ತೇನೆ.

ಆರೋಗ್ಯ ಜೋಪಾನ.

ಇಂತಿ ನಿಮ್ಮ ಪ್ರೀತಿಯ,
ಬಾಗೂರಿನ ಒಬ್ಬ ಪ್ರೇಕ್ಷಕಿ